ನುಹಾ ಹೇಳದೆ ಬಿಟ್ಟ ಊರು

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬಂದವರು ಅಲ್ಲಿನ ಕೆಂಪು ಸೇತುವೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಸೇತುವೆ ನೋಡಲು ನಾನು ಎರಡು ಸಲ ಹೋದೆ. ಎರಡು ಸಲವೂ ಅದು ಮಂಜಿನೊಳಗಿತ್ತು. ಮೊದಲ ಸಲ ಭಾವ ಮಂಜಿನ ಕಡೆ ಕೈ ಮಾಡಿ "ಅಲ್ಲೇ ಇದೆ" ಎಂದರು. ಎರಡನೇ ಸಲ ಫೋಟೋ ತೆಗೆದರು. ಆ ಫೋಟೋ ಈಗ ಹಾಸನದ ನಮ್ಮ ಮನೆಯ ಷೋಕೇಸಿನಲ್ಲಿದೆ. ಬೂದು ಬಣ್ಣದ ಮುಂದೆ ನಿಂತು ನಾನು ನಗುತ್ತಿದ್ದೇನೆ. ಹಿಂದೆ ಏನಿದೆ ಎಂಬುದನ್ನು ಬಂದವರಿಗೆಲ್ಲ ಬಾಯಲ್ಲೇ ಹೇಳಬೇಕು.

ಹಾಗಾಗಿ ಇಲ್ಲಿ ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನಾನು ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಎರಡು ಸಾವಿರನೇ ಇಸವಿಯ ನವೆಂಬರಿನಲ್ಲಿ, ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಸನ್ನಿವೇಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಮನೆಯಲ್ಲಿ ಅಕ್ಕ ಸುಧಾ, ಭಾವ ನಾಗರಾಜ, ಐದು ವರ್ಷದ ಮಗಳು ಅನು, ಮತ್ತು ನನಗಿಂತ ಎರಡು ವಾರ ಮೊದಲು ಮಂಡ್ಯದ ಹಳ್ಳಿಯಿಂದ ಬಂದಿದ್ದ ಭಾವನ ಅಮ್ಮ ತಾಯಮ್ಮನವರು. ಆ ತಿಂಗಳು ಅಮೆರಿಕ ತನ್ನ ಅಧ್ಯಕ್ಷರನ್ನು ಆರಿಸಿಯೂ, ಆರಿಸಿದ್ದು ಯಾರನ್ನು ಎಂದು ತಿಳಿಯದೆ ಕೂತಿತ್ತು. ನಾನು ಕಲಿಸುವ ವಿಷಯ ಯಾವುದೆಂದು ಗೊತ್ತಾದವರೆಲ್ಲ ಫ್ಲಾರಿಡಾದಲ್ಲಿ ಗೆದ್ದವರು ಯಾರೆಂದು ನನ್ನನ್ನೇ ಕೇಳಿದರು. ದಿನಚರಿಯ ಪ್ರಕಾರ ಹದಿನೊಂದು ಮಂದಿ.

ನವೆಂಬರ್ 8, ಬುಧವಾರ: ಸ್ಯಾನ್ ಫ್ರಾನ್ಸಿಸ್ಕೋ, ಅಕ್ಕನ ಆಫೀಸು

ಅಕ್ಕನ ಕಂಪನಿ ಕಂಪ್ಯೂಟರಿನ ಮೂಲಕ ಶುಭಾಶಯ ಪತ್ರಗಳನ್ನು ತಲುಪಿಸುತ್ತಿತ್ತು. ಪುಕ್ಕಟೆಯಾಗಿ. ಪುಕ್ಕಟೆ ಕೊಟ್ಟರೆ ಸಂಬಳಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಹೋದ ವರ್ಷದ ತನಕ ಯಾರೂ ಹಾಗೆ ಕೇಳ್ತಿರಲಿಲ್ಲ ಕಣೆ. ಈಗೀಗ ಎಲ್ಲರೂ ಕೇಳ್ತಾರೆ" ಎಂದಳು. ಆಫೀಸಿನಲ್ಲಿ ಕೈಯಿಂದ ಆಡುವ ಫುಟ್ಬಾಲ್ ಮೇಜು, ಮಲಗಲು ದೊಡ್ಡ ದಿಂಬುಗಳು, ಎರಡು ನಾಯಿ ಇದ್ದವು. ನಾಯಿಗಳು ನೌಕರರದು, ಆದರೆ ಕತ್ತಿನಲ್ಲಿ ಅವಕ್ಕೂ ಕಂಪನಿಯ ಗುರುತಿನ ಚೀಟಿ. ನಮ್ಮ ಕಾಲೇಜಿನಲ್ಲಿ ನನಗಿನ್ನೂ ಅದು ಸಿಕ್ಕಿಲ್ಲ.

ಫುಟ್ಬಾಲ್ ಮೇಜಿನ ಸುತ್ತ ಒಬ್ಬ ಹೆಂಗಸು ತನಗೆ ತಾನೇ ಮಾತನಾಡಿಕೊಳ್ಳುತ್ತ ನಡೆಯುತ್ತಿದ್ದಳು. ಮೂವತ್ತು ದಾಟಿದ ವಯಸ್ಸು, ಗಿಡ್ಡ ಕೂದಲು, ಗಂಡಸರ ಕೋಟು.

"ಇವಳೇ ನುಹಾ. ನಾನು ಹೇಳ್ತಿದ್ದೆನಲ್ಲ, ಪೊಯೆಟ್ಟು" ಎಂದಳು ಅಕ್ಕ.

ನುಹಾ ನಿಂತು ಕೈ ಕುಲುಕಿದಳು. "ಸಾಯಂಕಾಲ ಆರರ ಮೇಲೆ ಕವಿ. ಈಗ ಬೆಕ್ಕಿನ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಹುಡುಕುತ್ತಿದ್ದೇನೆ. ವಾರಕ್ಕೆ ಮೂವತ್ತು ಶುಭಾಶಯ ಬರೆಯಬೇಕು. ಈ ವಾರ ಬೆಕ್ಕುಗಳೇ ಹತ್ತು."

ಊಟದ ಹೊತ್ತಿಗೆ ಅವಳ ಕತೆ ತುಸು ಗೊತ್ತಾಯಿತು. ಅವಳು ಪ್ಯಾಲೆಸ್ಟೀನಿಯರ ಮಗಳು. ಹುಟ್ಟಿದ್ದು ಅಮ್ಮಾನ್‌ನಲ್ಲಿ, ಆರನೇ ವಯಸ್ಸಿಗೆ ಇಲ್ಲಿಗೆ ಬಂದವಳು. ತಂದೆಗೆ ಊರಿನೊಳಗೆ ರಸ್ತೆ ಮೂಲೆಯ ಒಂದು ದಿನಸಿ ಅಂಗಡಿ. ಶಾಲೆಗೆ ಸೇರಿದ ಮೊದಲ ವಾರ ಟೀಚರು ಒಬ್ಬೊಬ್ಬರಿಗೂ ಒಂದು ಗುಂಡುಸೂಜಿ ಕೊಟ್ಟು, ಗೋಡೆಯ ನಕಾಶೆಯಲ್ಲಿ ಅವರವರ ನಾಡಿನ ಮೇಲೆ ಚುಚ್ಚಲು ಹೇಳಿದರಂತೆ. ಅವಳ ನಾಡಿನ ಹೆಸರು ಆ ನಕಾಶೆಯಲ್ಲಿ ಇರಲಿಲ್ಲ. "ಹತ್ತಿರದಲ್ಲೆಲ್ಲಾದರೂ ಚುಚ್ಚು" ಎಂದರಂತೆ ಟೀಚರು. ಇವಳು ಹೋಗಿ ಸಮುದ್ರಕ್ಕೆ ಚುಚ್ಚಿ ಬಂದಳು.

ಅವಳು ಪದ್ಯ ಅಚ್ಚು ಮಾಡಿಸುವ ಕವಿಯಲ್ಲ, ಮೈಕಿನ ಮುಂದೆ ನಿಂತು ಹೇಳುವ ಕವಿ. ಶನಿವಾರ ಓಕ್‌ಲ್ಯಾಂಡಿನ ಹೈಸ್ಕೂಲು ಮಕ್ಕಳಿಗೆ ಹಾಗೆ ಹೇಳುವುದನ್ನು ಕಲಿಸುತ್ತಾಳೆ. ಶುಕ್ರವಾರ ಸಂಜೆ ಆರೇಳು ಮಂದಿಯೊಂದಿಗೆ ಊರ ನಡುವಿನ ಚೌಕದಲ್ಲಿ ಪ್ಯಾಲೆಸ್ಟೀನಿನ ಪರ ಫಲಕ ಹಿಡಿದು ನಿಲ್ಲುತ್ತಾಳೆ. ರಸ್ತೆಯಲ್ಲಿ ಕೂತದ್ದಕ್ಕೆ ಪೊಲೀಸರು ಎರಡು ಸಲ ಹಿಡಿದೊಯ್ದಿದ್ದಾರೆ. ಎರಡನೇ ಸಲದ ಪೊಲೀಸಿನವನು ಅವಳ ಕೆಲಸದ ವಿವರ ಬರೆದುಕೊಳ್ಳುವಾಗ ಮುಖವರಳಿಸಿ, ಮದುವೆಯ ದಿನಕ್ಕೆ ತನ್ನ ಹೆಂಡತಿಗೆ ಆ ಕಂಪನಿಯ ಪತ್ರವನ್ನೇ ಕಳಿಸಿದ್ದಾಗಿ ಹೇಳಿದನಂತೆ.

"ಆ ಪದ್ಯ ನಾನೇ ಬರೆದದ್ದು. ಬಾಯಿಗೆ ಬರುತ್ತಿತ್ತು ಅವನಿಗೆ. ನನ್ನ ಕೃತಿಯನ್ನು ಬಾಯಿಪಾಠ ಮಾಡಿದ ಏಕೈಕ ಓದುಗ" ಎಂದಳು ನುಹಾ.

ನವೆಂಬರ್ 10, ಶುಕ್ರವಾರ: ಒಂದು ಕಾಫಿ ಅಂಗಡಿ

ಚೌಕದಲ್ಲಿ ಒಂದು ಗಂಟೆ ನಿಂತೆವು. ಟೀವಿಯಲ್ಲಿ ಪ್ರತಿದಿನ ಪ್ಯಾಲೆಸ್ಟೀನಿನ ಕಲ್ಲು, ಟ್ಯಾಂಕು, ಶವದ ಮೆರವಣಿಗೆ ತೋರಿಸುತ್ತಿದ್ದ ತಿಂಗಳದು. ಹಾದುಹೋದವರಲ್ಲಿ ಕೆಲವರು ಬೆರಳೆತ್ತಿ ಹುರಿದುಂಬಿಸಿದರು, ಕೆಲವರು ಬೇರೆ ಬೆರಳೆತ್ತಿದರು. ಎರಡನ್ನೂ ಬೇರೆ ಬೇರೆ ಎಣಿಸಿದೆ. ಆ ಎರಡೂ ಗುಂಪಿಗಿಂತ ಹೆಚ್ಚಿದ್ದವರು, ನಾವು ಯಾವುದೋ ಹೊಸ ಕಂಪನಿಯ ಜಾಹೀರಾತಿನವರೆಂದು ತಿಳಿದು ಪುಕ್ಕಟೆ ಟೀ ಶರ್ಟು ಕೇಳಿದವರು.

ಆಮೇಲೆ ಪದ್ಯ ಹೇಳುವ ಕಾಫಿ ಅಂಗಡಿಗೆ ಹೋದೆವು. ನಿಯಮ ಬಲು ಬಿಗಿ. ಒಬ್ಬರಿಗೆ ಮೂರು ನಿಮಿಷ, ಮುಂದೆ ಗಡಿಯಾರ ಹಿಡಿದ ಹುಡುಗಿ. ಸಮಯ ಮುಗಿದರೆ ಕವಿ ಅರ್ಧ ಸಾಲಿನಲ್ಲೇ ಇಳಿಯುತ್ತಾನೆ. ನಮ್ಮ ಕವಿಗೋಷ್ಠಿಗಳಲ್ಲಿ ಅಧ್ಯಕ್ಷರು ಚೀಟಿ ಕಳಿಸುತ್ತಾರೆ, ಕವಿ ಅದನ್ನು ಓದಿ ಜೇಬಿಗಿಟ್ಟುಕೊಂಡು ಇನ್ನೊಂದು ಪದ್ಯ ತೆಗೆಯುತ್ತಾನೆ. ಯಾವುದು ಮೇಲು ಎಂದು ನನಗಿನ್ನೂ ತೀರ್ಮಾನವಾಗಿಲ್ಲ.

ನುಹಾ ಮೈಕಿನ ಮುಂದೆ ಬಂದಳು. ಎರಡನೇ ಸಾಲಿಗೇ ನನ್ನ ಸುತ್ತ ಚಿಟಿಕೆಯ ಸದ್ದು ಶುರುವಾಯಿತು. ನಮ್ಮ ಕಡೆ ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಾರೆ. ಇಷ್ಟು ಬೇಗ ಇಷ್ಟು ಜನಕ್ಕೆ ನಿದ್ದೆ ಬಂತೇ ಎಂದು ಕನಿಕರವಾಯಿತು. ಅಕ್ಕನೂ ಹೊಡೆಯುತ್ತಿದ್ದಳು. "ಮನೇಲಿ ಹೋಗಿ ಮಲಗು" ಎಂದೆ. ಅದು ಇಲ್ಲಿನ ಚಪ್ಪಾಳೆ ಎಂದು ಅವಳು ಹೇಳಿದ ಮೇಲೆ ನಾನೂ ಹೊಡೆಯಲು ನೋಡಿದೆ. ಜೊತೆಗೆ ಆಕಳಿಕೆಯೂ ಬಂದುಬಿಟ್ಟಿತು.

ಪದ್ಯದ ಹೆಸರು 'ಐನ್ ಹಜಲ್'. ಅವಳ ತಂದೆಯ ಊರು. ಪ್ರತಿ ನುಡಿಯೂ ಆ ಊರಿನ ಹೆಸರಿನಲ್ಲೇ ನಿಲ್ಲುತ್ತದೆ. ಏಳು ನುಡಿ, ಏಳು ಸಲ ಹೆಸರು. ನಾಲ್ಕನೆಯದು ಮುಗಿಯುವಷ್ಟರಲ್ಲಿ, ಅದು ಯಾವಾಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಐದನೆಯದಕ್ಕೆ ಹುಡುಗಿ ಗಡಿಯಾರ ಎತ್ತಿದಳು.

"ಪೂರ್ತಿ ಹೇಳುವುದು ಬರುವ ಶುಕ್ರವಾರ" ಎಂದಳು ನುಹಾ ಕೆಳಗಿಳಿದು. "ಅವತ್ತು ಇಡೀ ಸಂಜೆ ನನ್ನದು. ಅಪ್ಪ ಬರುತ್ತಾರೆ. ಹತ್ತು ವರ್ಷದಲ್ಲಿ ಒಂದು ಸಲವೂ ನನ್ನ ಪದ್ಯ ಕೇಳಿಲ್ಲ ಅವರು. ಈ ತಿಂಗಳು ಅಂಗಡಿ ಮುಚ್ಚುತ್ತಾರೆ. ಇಪ್ಪತ್ತೊಂದಕ್ಕೆ ಅಮ್ಮಾನ್‌ಗೆ ಅವರ ಅಣ್ಣನ ಮನೆಗೆ ಹೋಗಿಬಿಡುತ್ತಾರೆ. ಇದೊಂದೇ ಅವಕಾಶ."

ಮಾರನೇ ದಿನ ಕಾಫಿ ಅಂಗಡಿಯವನು ನುಹಾಗೆ ಫೋನು ಮಾಡಿದನಂತೆ. ನಾಲ್ಕೈದು ಗಿರಾಕಿಗಳು ಬೇಸರಪಟ್ಟಿದ್ದಾರೆ, ಕಾವು ಇಳಿಯಲಿ, ಜನವರಿಯಲ್ಲಿ ನೋಡೋಣ ಎಂದ. ಕವಿತೆಯ ಬಗ್ಗೆ ತನಗೆ ಅಪಾರ ಗೌರವವಿದೆ ಎಂದೂ ಸೇರಿಸಿದ.

ನವೆಂಬರ್ 12, ಭಾನುವಾರ: ಫಾಸ್ಟರ್ ಸಿಟಿ

ನವೆಂಬರ್ ಒಂದಕ್ಕೆ ಬರಬೇಕಾದ ರಾಜ್ಯೋತ್ಸವ ಅಮೆರಿಕದಲ್ಲಿ ಸಭಾಂಗಣ ಖಾಲಿಯಿರುವ ಶನಿವಾರ ಬರುತ್ತದೆ. ಆ ವರ್ಷ ಹದಿನೆಂಟಕ್ಕೆ ಬಂದಿತ್ತು. ಭಾವ ಅಲ್ಲಿನ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಬೆಂಗಳೂರಿನಿಂದ ಬರಬೇಕಿದ್ದ ಮಿಮಿಕ್ರಿಯವರಿಗೆ ವೀಸಾ ಸಿಗದೆ, ಮಕ್ಕಳ ಛದ್ಮವೇಷಕ್ಕೂ ಊಟಕ್ಕೂ ನಡುವೆ ಹತ್ತು ನಿಮಿಷ ಖಾಲಿ ಬಿದ್ದಿತ್ತು. ಅದನ್ನು ನುಹಾಗೆ ಕೊಡಿಸು ಎಂದು ಅಕ್ಕ ಹಿಡಿದ ಹಟಕ್ಕೆ ಭಾವ ಸೋತು, ವಿಷಯವನ್ನು ಸಮಿತಿಯ ಮುಂದಿಟ್ಟರು.

ಸಮಿತಿ ಸೇರಿದ್ದು ಸಂಘದ ಅಧ್ಯಕ್ಷರಾದ ದೇಸಾಯರ ಮನೆಯಲ್ಲಿ. ಧಾರವಾಡದ ಕಡೆಯ ಹಿರಿಯರು. ಮನೆಯ ಹಿಂದೆಯೇ ಕೆರೆಯಂಥ ನೀರು, ಅದರಲ್ಲಿ ಬಾತುಕೋಳಿ. ತಟ್ಟೆಗಳಲ್ಲಿ ಅವಲಕ್ಕಿ ಚೂಡಾ ಬಂತು.

"ಪೊಯೆಟ್ ಅಂದ್ರ ಛಲೋ ಆತಲ್ರಿ" ಎಂದರು ದೇಸಾಯರು. "ಯಾವ ಕಡೀಯವರು?"

"ಪ್ಯಾಲೆಸ್ಟೀನು ಸರ್" ಎಂದರು ಭಾವ.

ಚೂಡಾ ಅಗಿಯುವ ಸದ್ದು ನಿಂತಿತು.

"ಸರ್, ನಮ್ದು ನಾನ್ ಪ್ರಾಫಿಟ್ಟು" ಎಂದರು ಖಜಾಂಚಿ. ಬೆಂಗಳೂರಿನವರು. "ಪಾಲಿಟಿಕ್ಸ್ ತಂದ್ರೆ ಟ್ಯಾಕ್ಸ್ ವಿನಾಯ್ತಿಗೆ ತೊಂದ್ರೆ. ಆಮೇಲೆ ನನ್ನ ಮ್ಯಾನೇಜರು ಇಸ್ರೇಲಿನವರು. ತುಂಬಾ ಒಳ್ಳೇ ಮನುಷ್ಯ."

"ಅವರು ರಾಜ್ಯೋತ್ಸವಕ್ಕೆ ಬರ್ತಾರಾ?" ಎಂದಳು ಅಕ್ಕ.

"ಬರಲ್ಲ. ಆದ್ರೂ."

"ನೋಡವಾ ಸುಧಾ, ನಾವು ನಾಡು ಬಿಟ್ಟು ಬಂದವರು. ಕುಣೀತೀವಿ, ಹಾಡ್ತೀವಿ, ಉಂಡು ಮನೀಗೆ ಹೋಗ್ತೀವಿ. ರಾಜಕೀಯ ನಮಗ ಬ್ಯಾಡ" ಎಂದರು ದೇಸಾಯರು.

"ನಿಮ್ಮ ಭಾಷಣದಲ್ಲಿ ಕಾಸರಗೋಡು, ಸೊಲ್ಲಾಪುರ ಬರುತ್ತಲ್ಲ ಅಂಕಲ್."

"ಬರ್ತಾವ. ಪ್ರತಿ ವರ್ಷ ಬರ್ತಾವ."

"ಅದು ರಾಜಕೀಯ ಅಲ್ವಾ?"

ದೇಸಾಯರು ಅವಳನ್ನು ಬೇಸರದಿಂದ ನೋಡಿದರು. "ಅಲ್ಲವಾ ತಂಗಿ. ಅದು ನೋವು."

ಒಂದೂವರೆ ಗಂಟೆಯ ಚರ್ಚೆಯ ನಂತರ ಎಲ್ಲರೂ ಒಪ್ಪುವ ಠರಾವು ಹುಟ್ಟಿತು. ನುಹಾ ಪದ್ಯ ಓದಬಹುದು. ಆದರೆ ವೇದಿಕೆಯ ಮೇಲೆ ಅವಳು ದೇಶದ ಹೆಸರಾಗಲಿ ಊರಿನ ಹೆಸರಾಗಲಿ ಹೇಳಬಾರದು. ಅವಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಕವಯಿತ್ರಿ ಎಂದಷ್ಟೇ ಪರಿಚಯಿಸುವುದು. ಪದ್ಯ ಪ್ರಕೃತಿಯ ಬಗ್ಗೆ ಇದ್ದರೆ ಉತ್ತಮ.

"ಅದರಲ್ಲಿ ಅಂಜೂರದ ಮರ ಇದೆ ಸರ್" ಎಂದರು ಭಾವ.

"ಆತಲ್ಲ ಮತ್ತ" ಎಂದರು ದೇಸಾಯರು ಸಮಾಧಾನದಿಂದ.

ನವೆಂಬರ್ 15, ಬುಧವಾರ: ರೈಲು, ಅಂಗಡಿ

ನುಹಾ ಪದ್ಯ ಕಟ್ಟುವುದು ರೈಲಿನಲ್ಲಿ. ಆಫೀಸು ಮುಗಿಸಿ, ಕೆಲಸವಿಲ್ಲದಿದ್ದರೂ ದಕ್ಷಿಣಕ್ಕೆ ಹೋಗುವ ರೈಲು ಹತ್ತಿ, ಹೋಗಿ ಬರುತ್ತಾಳೆ. ಒಂದು ನಿಲ್ದಾಣ ಬಿಟ್ಟು ಇನ್ನೊಂದು ಬರುವಷ್ಟರಲ್ಲಿ ಒಂದು ನುಡಿಯನ್ನು ಉಸಿರು ಕಟ್ಟದೆ ಹೇಳಿ ಮುಗಿಸಬೇಕು. ಮುಗಿಯದಿದ್ದರೆ ಪದ ಕಡಿಮೆ ಮಾಡಬೇಕು. ಜೋರಾಗಿಯೇ ಹೇಳಿಕೊಳ್ಳುವುದರಿಂದ ಪಕ್ಕದವರು ಎದ್ದು ಹೋಗುತ್ತಾರೆ. "ಈ ರೈಲಿನಲ್ಲಿ ಕೂರಲು ಜಾಗ ಸಿಗದ ದಿನ ನನಗಿಲ್ಲ" ಎಂದಳು. ಅವತ್ತು ಅವಳ ಎದುರು ನಾನಿದ್ದೆ. ನನ್ನ ಪಕ್ಕದವರೂ ಎದ್ದು ಹೋದರು.

ಸಮಿತಿಯ ಷರತ್ತನ್ನು ಅಕ್ಕ ಸೋಮವಾರವೇ ತಿಳಿಸಿದ್ದಳು. ಬೇಡ ಎನ್ನುತ್ತಾಳೆ ಎಂದು ನಾವಂದುಕೊಂಡಿದ್ದೆವು.

"ಒಪ್ಪಿದೆ" ಎಂದಳು ನುಹಾ. "ಬೇರೆ ಎಲ್ಲಿ ಕೇಳಿದರೂ ಜನವರಿ ಅನ್ನುತ್ತಾರೆ. ಅಪ್ಪನ ಟಿಕೀಟು ಮುಂದಿನ ಮಂಗಳವಾರಕ್ಕೆ. ಹೆಸರು ಹೇಳುವುದಿಲ್ಲ. ಆದರೆ ಅದರ ಜಾಗದಲ್ಲಿ ಇನ್ನೊಂದು ಪದವನ್ನೂ ಹಾಕುವುದಿಲ್ಲ. ಆ ಪದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರುತ್ತೇನೆ."

ನಗರಕ್ಕೆ ವಾಪಸು ಬಂದು ಅವಳ ತಂದೆಯ ಅಂಗಡಿಗೆ ಹೋದೆವು. ಅವರ ಹೆಸರು ಯೂಸುಫ್. ಗಿರಾಕಿಗಳಿಗೆ ಜೋ. ನಮ್ಮ ಭಾವ ನಾಗರಾಜ ಆಫೀಸಿನಲ್ಲಿ ರಾಜ್ ಆಗಿರುವುದರಿಂದ ನನಗೆ ಅದೇನೂ ಹೊಸದೆನಿಸಲಿಲ್ಲ. ಅರ್ಧ ಕಪಾಟು ಬರಿದಾಗಿತ್ತು. ಕಟ್ಟಡದ ಮಾಲೀಕ ಬಾಡಿಗೆಯನ್ನು ಮೂರು ಪಟ್ಟು ಮಾಡಿದ್ದ, ಕೊಡಲು ಹೊಸ ಕಂಪನಿಯೊಂದು ಸಿದ್ಧವಿತ್ತು.

"ನಾಯಿಗಳಿಗೆ ಬೇಕಾದ ಸಾಮಾನನ್ನು ಮನೆಗೆ ತಲುಪಿಸುತ್ತಾರಂತೆ" ಎಂದರು ಯೂಸುಫ್. "ನಾನು ಇಪ್ಪತ್ತೈದು ವರ್ಷ ಮನುಷ್ಯರಿಗೆ ಬೇಕಾದದ್ದು ಮಾರಿದೆ. ಅದೇ ತಪ್ಪಾಯಿತು."

ಮಗಳ ಪದ್ಯವನ್ನು ಇಷ್ಟು ವರ್ಷ ಏಕೆ ಕೇಳಲಿಲ್ಲ ಎಂದೆ.

"ನಮ್ಮಲ್ಲಿ ಕವಿತೆ ಅಂದರೆ ರಾತ್ರಿ ಊಟ ಮುಗಿಸಿ ಕೂತು ಕೇಳುವುದು. ಮೂರು ನಿಮಿಷದ್ದು ಕವಿತೆಯಲ್ಲ, ಸೋಪಿನ ಜಾಹೀರಾತು. ಅದೂ ಇಂಗ್ಲಿಷಿನಲ್ಲಿ." ಅವರು ನುಹಾ ಕಡೆ ಬೆರಳು ತೋರಿಸಿದರು. "ಇವಳು ನಮ್ಮೂರಿನ ಬಗ್ಗೆ ಬರೆದಿದ್ದಾಳಂತೆ. ಊರನ್ನು ಕಣ್ಣಿಂದ ನೋಡಿದವಳಲ್ಲ. ನಲವತ್ತೆಂಟರ ಯುದ್ಧದಲ್ಲಿ, ನಾನು ಹನ್ನೆರಡು ವರ್ಷದವನಿದ್ದಾಗ ಬಿಟ್ಟು ಓಡಿದ ಊರು ಅದು. ತಪ್ಪಿದ್ದರೆ ತಿದ್ದಲು ಇಲ್ಲಿ ಇರುವವನು ನಾನೊಬ್ಬನೇ. ಅದಕ್ಕೆ 'ಬರುತ್ತೇನೆ' ಅಂದೆ."

ಹೊರಗೆ ಬಂದ ಮೇಲೆ ನುಹಾ ಕೋಟಿನ ಕಾಲರು ಮೇಲೆತ್ತಿಕೊಂಡಳು.

"ಹೆಸರು ತೆಗೆದದ್ದನ್ನು ಅವರಿಗೆ ಹೇಳಿಲ್ಲ" ಎಂದಳು. "ಹೇಳಿದರೆ ಬರುವುದಿಲ್ಲ. ಹೇಳದಿದ್ದರೆ, ಎಲ್ಲರಂತೆ ಮಗಳೂ ಅದನ್ನು ಅಳಿಸಿದಳು ಅಂದುಕೊಂಡು ವಿಮಾನ ಹತ್ತುತ್ತಾರೆ."

ದಿನಚರಿಯಲ್ಲಿ ಅವತ್ತಿನ ಪುಟ ಚಿಕ್ಕದು.

ನವೆಂಬರ್ 18, ಶನಿವಾರ: ಸನ್ನಿವೇಲ್, ರಾಜ್ಯೋತ್ಸವ

ಮೂರಕ್ಕೆ ಎಂದಿದ್ದ ಕಾರ್ಯಕ್ರಮ ನಾಲ್ಕೂವರೆಗೆ ಶುರುವಾಯಿತು. ಮೂರಕ್ಕೇ ಬಂದವರು ಇಬ್ಬರು: ನುಹಾ ಮತ್ತು ಯೂಸುಫ್. ಯೂಸುಫ್ ಕರಿ ಸೂಟು ಹಾಕಿದ್ದರು. ಆಗಿನ್ನೂ ಕುರ್ಚಿ ಜೋಡಿಸುತ್ತಿದ್ದ ಭಾವ ಅವರನ್ನು ಸಭಾಂಗಣದ ಉಸ್ತುವಾರಿಯವರೆಂದು ತಿಳಿದು ಮೈಕಿನ ಸ್ವಿಚ್ಚು ಎಲ್ಲಿದೆ ಎಂದು ಕೇಳಿದರು. ಯೂಸುಫ್ ಹುಡುಕಿ ಕೊಟ್ಟರು.

ಮುಂದಿನ ಸಾಲಿನಲ್ಲಿ ನನ್ನ ಎಡಕ್ಕೆ ತಾಯಮ್ಮನವರು, ಬಲಕ್ಕೆ ಯೂಸುಫ್, ಅವರಾಚೆ ಒಂದು ಕುರ್ಚಿ ಬಿಟ್ಟು ದೇಸಾಯರು. ನನ್ನ ಕೆಲಸ ಎಡಗಿವಿಗೆ ಕನ್ನಡ, ಬಲಗಿವಿಗೆ ಇಂಗ್ಲಿಷು. ದೀಪ ಬೆಳಗಿದರು. ದೇಸಾಯರು ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳನ್ನು ನೆನೆದು ಕಣ್ಣೊರೆಸಿಕೊಂಡರು, ಸಭೆ ಚಪ್ಪಾಳೆ ತಟ್ಟಿತು. "ಏನು ಹೇಳಿದರು?" ಎಂದರು ಯೂಸುಫ್. "ಕೆಲವು ಊರುಗಳ ಹೆಸರು" ಎಂದೆ.

ಛದ್ಮವೇಷ ಶುರುವಾಯಿತು. ನಮ್ಮ ಅನು ಸೊಪ್ಪು ಮಾರುವವಳಾಗಿ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಅಮೆರಿಕದ ಪಾಲಕ್. ಎರಡು ಸಾಲು ಹೇಳಿ ಮೂರನೆಯದಕ್ಕೆ ನಿಂತುಬಿಟ್ಟಳು. ಹೀಗಾದಾಗ ನಮ್ಮ ಸಭೆಗಳು ಏನು ಮಾಡುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಗು ಅಳುವ ಮೊದಲೇ ಇಡೀ ಹಾಲು ಜೋರಾಗಿ ಚಪ್ಪಾಳೆ ತಟ್ಟಿತು. ಹಿಂದಿನಿಂದ ಯಾರೋ "ಮೆಂತ್ಯ ಸೊಪ್ಪು" ಎಂದು ಎತ್ತಿಕೊಟ್ಟರು. "ಐ ನೋ" ಎಂದು ಮೈಕಿನಲ್ಲೇ ಹೇಳಿ ಅನು ಮುಂದುವರಿದಳು.

ಆಮೇಲೆ ಭಾವ "ಸ್ಯಾನ್ ಫ್ರಾನ್ಸಿಸ್ಕೋದ ಕವಯಿತ್ರಿ" ಎಂದು ಕರೆದರು. ನುಹಾ ಬಂದಳು. ಕೈಯಲ್ಲಿ ಕಾಗದವಿರಲಿಲ್ಲ.

ನನ್ನ ಅಜ್ಜಿ ನಾದಿದ ಹಿಟ್ಟಿನ ಮೇಲೆ ಅವಳ ಅಂಗೈ ಗೆರೆಗಳು ಉಳಿಯುತ್ತಿದ್ದವು, ಎಂದು ಶುರುವಾಯಿತು ಪದ್ಯ. ನಾನು ಕಲಿತ ಮೊದಲ ನಕಾಶೆ ಅದು. ಈ ಗೆರೆ ಬಾವಿಗೆ ಹೋಗುತ್ತದೆ, ಈ ಗೆರೆ ಒಲೆಗೆ, ಇನ್ನುಳಿದ ಗೆರೆಗಳೆಲ್ಲ ಹೋಗುವುದು—

ಅವಳು ಸುಮ್ಮನಾದಳು.

ಮೂರು ಕ್ಷಣ ಆಗಿರಲಿಕ್ಕಿಲ್ಲ. ಹಾಲು ಚಪ್ಪಾಳೆ ತಟ್ಟಿತು. ಅನುವಿಗೆ ತಟ್ಟಿದ್ದಕ್ಕಿಂತ ಜೋರಾಗಿ, ಏಕೆಂದರೆ ಇವಳು ಅತಿಥಿ. ನುಹಾ ಬೆರಗಾಗಿ ನೋಡಿದಳು. ಸದ್ದು ಅಡಗಲೆಂದು ಕಾದು ಎರಡನೇ ನುಡಿಗೆ ಹೋದಳು. ಕ್ಯಾಲಿಫೋರ್ನಿಯಾದ ಅಂಜೂರವನ್ನು ಅಪ್ಪ ಒಂದು ಸಲ ಕಚ್ಚಿ ಕೆಳಗಿಡುತ್ತಾರೆ. ಚೆನ್ನಾಗಿದೆ ಅನ್ನುತ್ತಾರೆ. ಸಿಹಿಯೂ ಇದೆ ಅನ್ನುತ್ತಾರೆ. ಆದರೆ ಇದು—

ಮತ್ತೆ ಮೌನ, ಮತ್ತೆ ಚಪ್ಪಾಳೆ. "ಪರವಾಗಿಲ್ಲ ಮೇಡಂ, ನಿಧಾನಕ್ಕೆ ನೆನಪು ಮಾಡ್ಕೊಳ್ಳಿ" ಎಂದರು ಹಿಂದಿನಿಂದ ಯಾರೋ. ಭಾವ ವೇದಿಕೆಯ ಪಕ್ಕದಿಂದ ಇಣುಕಿ, ಪೇಪರು ನೋಡಿ ಓದಿದರೂ ನಡೆಯುತ್ತದೆ ಎಂದು ಸನ್ನೆ ಮಾಡಿದರು. ಯೂಸುಫ್ ಮುಂದಕ್ಕೆ ಬಾಗಿ ಕೂತಿದ್ದವರು ಕುರ್ಚಿಗೆ ಒರಗಿಕೊಂಡರು. ಮಗಳನ್ನು ನೋಡುವುದು ಬಿಟ್ಟು ತಮ್ಮ ಬೂಟು ನೋಡತೊಡಗಿದರು.

ನುಹಾ ಅದನ್ನು ಕಂಡಳು. ಮೂರನೇ ನುಡಿಯಲ್ಲಿ ಅವಳ ದನಿ ಸಣ್ಣದಾಯಿತು. ಟೀಚರು ಕೇಳಿದರು, ಮಗು, ನೀನು ಎಲ್ಲಿಯವಳು? ನಾನು ಹೇಳಿದೆ—

"ಏನಂತೆ?" ಎಂದರು ತಾಯಮ್ಮನವರು.

"ಟೀಚರು ಯಾವೂರು ಅಂತ ಕೇಳಿದ್ರಂತೆ ಅತ್ತೆ."

"ಊಂ. ಯಾವೂರಂತೆ?"

"ಅದನ್ನ ಹೇಳಿಲ್ಲ."

"ಅಯ್ಯೋ ಪಾಪ, ಊರೆಸ್ರೇ ಮರ್ತೋಗದೆ ಮಗೀಗೆ. ಜನ ಕಂಡು ದಿಗಿಲು ಬಿದ್ದದೆ." ತಾಯಮ್ಮನವರಿಗೆ ತಡೆಯಲಾಗಲಿಲ್ಲ. "ಅವ್ರಪ್ಪ ಇಲ್ಲೇ ಕುಂತವ್ರಲ್ಲ, ಕೇಳುದ್ರಾಯ್ತದೆ." ನನ್ನ ಮೇಲಿಂದ ಬಾಗಿ ಯೂಸುಫರ ತೋಳು ಮುಟ್ಟಿ, ಗದ್ದೆಯ ಆಚೆ ಬದುವಿನಲ್ಲಿರುವವರನ್ನು ಕೂಗುವ ದನಿಯಲ್ಲಿ ಕೇಳಿದರು: "ಯಾವೂರಪ್ಪಾ ನಿಮ್ದು?"

ಯೂಸುಫ್ ನನ್ನನ್ನು ನೋಡಿದರು. ನಾನು ದೇಸಾಯರನ್ನು ನೋಡಿದೆ. ಠರಾವಿನಲ್ಲಿದ್ದದ್ದು ವೇದಿಕೆಯ ಮೇಲೆ ನುಹಾ ಹೇಳಬಾರದು ಎಂದು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೇಳಬಾರದು ಎಂದಿರಲಿಲ್ಲ.

"ನಿಮ್ಮೂರು ಯಾವುದು ಎಂದು ಕೇಳುತ್ತಿದ್ದಾರೆ" ಎಂದೆ.

ಅವರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. "ಐನ್ ಹಜಲ್" ಎಂದರು.

"ಐನಾಜಲ್ ಅಂತೆ ಕಣವ್ವಾ" ಎಂದು ತಾಯಮ್ಮನವರು ವೇದಿಕೆಗೆ ಎತ್ತಿಕೊಟ್ಟರು. "ಮುಂದಕ್ಕೇಳು."

ನುಹಾ ಮುಂದಕ್ಕೆ ಹೇಳಿದಳು. ನಾಲ್ಕನೇ ನುಡಿಯ ಕೊನೆಗೆ ಅವಳು ನಿಂತಾಗ, ಇನ್ನೂ ನಿಂತೇ ಇದ್ದ ಯೂಸುಫ್ ಆ ಹೆಸರು ಹೇಳಿದರು. ಐದನೆಯದಕ್ಕೆ ತಾಯಮ್ಮನವರೂ ಮುಂದಿನ ಸಾಲಿನ ಹೆಂಗಸರೂ ದನಿಗೂಡಿಸಿದರು. ಆರನೆಯದಕ್ಕೆ ಮಕ್ಕಳಿಗೆ ಆಟ ಅರ್ಥವಾಗಿಬಿಟ್ಟಿತು. ವೇಷ ಕಳಚದ ಒಂದು ಹುಲಿ, ಎರಡು ಬಾಳೆಹಣ್ಣು, ನಮ್ಮ ಸೊಪ್ಪಿನವಳು, ಎಲ್ಲ ಒಟ್ಟಿಗೆ ಕೂಗಿದರು. ಅವತ್ತು ಹೋದ ಊಟದ ಕೂಪನ್ನು ನೂರಾ ಎಂಬತ್ತು. ಏಳನೆಯದಕ್ಕೆ ನೂರಾ ಎಂಬತ್ತು ಕನ್ನಡಿಗರು, ತಾವು ಅತಿಥಿಯ ಮರ್ಯಾದೆ ಉಳಿಸುತ್ತಿದ್ದೇವೆ ಎಂಬ ಉತ್ಸಾಹದಲ್ಲಿ, ಆ ಹೆಸರನ್ನು ಹೇಳಿದರು. ದೇಸಾಯರ ತುಟಿಯೂ ಅಲುಗಿತು. ನಾನೇ ನೋಡಿದೆ.

ನುಹಾ ಒಂದು ಸಲವೂ ಹೇಳಲಿಲ್ಲ. ಮೈಕು ಬಿಟ್ಟು ಇಳಿಯುವಾಗ ಮೆಟ್ಟಿಲು ಕಾಣದೆ ಎಡವಿದಳು.

"ಊಟ ರೆಡಿ ಇದೆ" ಎಂದರು ಭಾವ ಮೈಕಿನಲ್ಲಿ, ಬೇರೇನು ಹೇಳಬೇಕೆಂದು ತೋಚದೆ.

ಖಜಾಂಚಿ ಓಡಿ ಬಂದರು. "ಸರ್, ಕಮಿಟಿ ಡಿಸಿಶನ್ನು..."

"ಆಕಿ ಹೇಳ್ಯಾಳೇನು?" ಎಂದರು ದೇಸಾಯರು. "ಹೇಳಿಲ್ಲ. ಹೇಳಿದವರು ನಾವು. ನಮ್ಮ ಮ್ಯಾಲೆ ಠರಾವ ಎಲ್ಲೈತಿ? ನಡೀರಿ, ಪಾಯಸಕ್ಕ ಸೌಟು ಇಲ್ಲಂತ."

ನುಹಾ ತಂದೆಯ ಮುಂದೆ ಬಂದು ನಿಂತಳು. "ಹೆಸರನ್ನು ನಾನು..." ಎಂದು ಶುರು ಮಾಡಿದಳು.

"ಗೊತ್ತು" ಎಂದರು ಯೂಸುಫ್. "ಒಂದು ಸಾಲು ಮರೆಯುವವಳಲ್ಲ ನೀನು. ಬೇಡ ಅಂದದ್ದು ಯಾರು?"

ನುಹಾ ಪಾಯಸದ ಮೇಜಿನ ಕಡೆ ಕಣ್ಣು ಹಾಯಿಸಿದಳು. "ರಾಜಕೀಯವಂತೆ."

ಯೂಸುಫ್ ತಲೆಯಾಡಿಸಿದರು. "ಬಾವಿ ಊರೊಳಗಿರಲಿಲ್ಲ. ಇಳಿಜಾರಿನ ಕೆಳಗಿತ್ತು. ಒಲೆಯ ಗೆರೆ ಬಾವಿಯ ಗೆರೆಗೆ ಅಷ್ಟು ಹತ್ತಿರವಿಲ್ಲ. ತಿದ್ದಿ ಅಮ್ಮಾನ್‌ಗೆ ಕಳಿಸು. ಅಣ್ಣನಿಗೆ ಓದಿ ಹೇಳಬೇಕು." "ಇಂಗ್ಲಿಷು ಅವನಿಗೆ ಬರುವುದಿಲ್ಲ, ನಮ್ಮ ಮಾತಿನಲ್ಲಿ ನಾನು ಹೇಳುತ್ತೇನೆ" ಎಂದರು. ನುಹಾ ಅವರ ಕೋಟಿನ ತೋಳಿಗೆ ಮುಖ ಒರೆಸಿಕೊಂಡಳು.

ಊಟಕ್ಕೆ ತಾಯಮ್ಮನವರು ಯೂಸುಫರನ್ನು ತಮ್ಮ ಎದುರೇ ಕೂರಿಸಿಕೊಂಡರು. ಬಿಸಿಬೇಳೆಬಾತಿನ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ತಟ್ಟೆ ಒಡ್ಡುತ್ತಲೇ ಇದ್ದರು. ತಾಯಮ್ಮನವರ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಎಷ್ಟು ಮನೆ? ಎಂಬತ್ತು, ತೊಂಬತ್ತು. ಏನು ಬೆಳೆಯುತ್ತಿದ್ದಿರಿ? ಗೋಧಿ, ಆಲಿವ್, ಅಂಜೂರ. ನೀರಿಗೆ? ಬುಗ್ಗೆಯಿತ್ತು, ಬಾವಿಯಿತ್ತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಾನು ಸಾಗಿಸುತ್ತಿದ್ದೆ. ಐವತ್ತೆರಡು ವರ್ಷದಲ್ಲಿ ತನ್ನ ಊರಿನ ಬಗ್ಗೆ ಎರಡನೇ ಪ್ರಶ್ನೆ ಕೇಳಿದವರು ಈಕೆಯೇ ಮೊದಲು ಎಂದರು ಯೂಸುಫ್. ಮೊದಲನೆಯದರ ಉತ್ತರಕ್ಕೇ ಜನ ಗಡಿಯಾರ ನೋಡಿಕೊಳ್ಳುತ್ತಾರಂತೆ.

"ಈಗ ಊರಾಗೆ ಯಾರವ್ರೆ?" ಎಂದರು ತಾಯಮ್ಮನವರು.

"ಯಾರೂ ಇಲ್ಲ. ಮನೆಗಳ ಮೇಲೆ ಪೈನ್ ಮರ ನೆಟ್ಟಿದ್ದಾರೆ. ರಜೆಯ ದಿನ ಜನ ಬಂದು ಚಾಪೆ ಹಾಸಿ ಊಟ ಮಾಡಿಕೊಂಡು ಹೋಗುತ್ತಾರಂತೆ."

"ಯಾರೂ ಇಲ್ದಿದ್ ಮ್ಯಾಲೆ ನೀವೋಗ್ಬೌದಲ್ಲ?"

"ಬಿಡುವುದಿಲ್ಲ."

"ಅದ್ಯಾಕ್ ಬುಡಲ್ಲ?"

ಪಕ್ಕದ ಮೇಜಿನಲ್ಲಿ ದೇಸಾಯರು ಪಾಯಸದ ಪಾತ್ರೆಯೊಳಗೆ ಏನನ್ನೋ ಹುಡುಕುತ್ತಿದ್ದರು. "ಅಮ್ಮಾ, ಸುಮ್ನೆ ಊಟ ಮಾಡು" ಎಂದರು ಭಾವ. ನಾನು ಅಷ್ಟರಲ್ಲಿ ಪ್ರಶ್ನೆಯನ್ನು ಯೂಸುಫರಿಗೆ ಮುಟ್ಟಿಸಿಯಾಗಿತ್ತು. ಅವರು ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಅದು ರಾಜಕೀಯ ಅಂತ ಹೇಳಮ್ಮ ಅವರಿಗೆ."

ಹೇಳಿದೆ. ತಾಯಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾನ್ ಕೇಳಿದ್ದು ಅದಲ್ಲ" ಎಂದರು. "ಇನ್ನೊಂದ್ ಕಿತ ಕೇಳು."